ಎರಡನೆಯ ಸುತ್ತಿನ ಉತ್ತರ

ಹೆಂಡತಿ ಅವನ ಅಣ್ಣನ ಗಲ್ಲಕ್ಕೆ ಸೋಪಿನ ನೊರೆ ಹಚ್ಚುತ್ತಿದ್ದಳು. ಅವನು ಬಾಗಿಲ ಹತ್ತಿರ ನಿಂತು, ಆಗಲೇ ಕಾಲಲ್ಲಿದ್ದ ಚಪ್ಪಲಿಯನ್ನು ಹುಡುಕುತ್ತಿದ್ದ. ಹುಡುಕಾಟ ಸುಳ್ಳೆಂದು ಅವನಿಗೇ ಗೊತ್ತಿತ್ತು. ಏನೂ ಹೇಳದೆ ಹೊರಟರೆ ಚೆನ್ನಾಗಿರುವುದಿಲ್ಲ. ಏನಾದರೂ ಹೇಳಿದರೆ ಅದು ಎಲ್ಲಿ ಕೆಲಸಕ್ಕೆ ತಿರುಗಿಬಿಡುತ್ತದೋ, ಸ್ವಲ್ಪ ತಲೆ ಹಿಡಿದುಕೊಳ್ಳಿ ಅನ್ನುತ್ತಾಳೋ ಎಂಬ ಹೆದರಿಕೆ. ಅವಳು ಹಾಗೆ ಅಂದದ್ದೇ ಇಲ್ಲ. ಅನ್ನದೆ ಇದ್ದದ್ದರಿಂದಲೇ ಆ ಹೆದರಿಕೆ ಇಷ್ಟು ದಿನ ಬಾಳಿತ್ತು. ಲಕ್ವ ಹೊಡೆದು ಹಾಸಿಗೆ ಹಿಡಿದ ಅಣ್ಣನ ಬಾಯಿ ಎಡಕ್ಕೆ ಇಳಿದಿತ್ತು. ಆ ಕಡೆಯ ಚರ್ಮ ಸಡಿಲವಾಗಿ ಜೋತುಬಿದ್ದು ರೇಜರಿಗೆ ಸಿಕ್ಕುತ್ತಿರಲಿಲ್ಲ. ಅವಳು ಎರಡು ಬೆರಳನ್ನು ಅವನ ತುಟಿಯ ಒಳಗೆ ಇಟ್ಟು ಗಲ್ಲವನ್ನು ಹೊರಕ್ಕೆ ಉಬ್ಬಿಸಿ ಬೋಳಿಸುತ್ತಿದ್ದಳು. ಯಾರು ಕಲಿಸಿದರು ಇವಳಿಗೆ ಇದನ್ನು? ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಭಾವನ ಎದುರು ಕೂರಲೂ ನಾಚುತ್ತಿದ್ದ ಹುಡುಗಿ, ಅವನ ಬಸ್ಸಿನ ಹಾರನ್ನು ಬೀದಿಯ ತುದಿಯಲ್ಲಿ ಕೇಳಿದರೆ ಅಡುಗೆಮನೆಗೆ ಓಡುತ್ತಿದ್ದವಳು. ಬಸ್ಸು ಓಡಿಸುತ್ತ, ಅಡ್ಡ ಬಂದವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದು ಬದುಕಿದ ಅಣ್ಣನಲ್ಲಿ ಈಗ ಉಳಿದಿದ್ದುದು ಒಂದೇ ಮಾತು. ಹಸಿವಾದರೂ ಅದೇ, ನೋವಾದರೂ ಅದೇ. "ಆಯ್ತು" ಎಂದ ಅಣ್ಣ, ನೊರೆಯ ನಡುವಿನಿಂದ. "ಆಯ್ತಾಯ್ತು, ಇನ್ನೊಂದು ಕೆನ್ನೆ ಭಾವ" ಎಂದಳು ಅವಳು. ಆಮೇಲೆ ಇವನ ಕಡೆ ತಿರುಗದೆಯೇ, "ಬಸ್ಸು ಹೋಗುತ್ತೆ ರೀ" ಎಂದಳು. ಅವನು ತಪ್ಪಿಸಿಕೊಂಡವನ ಹಾಗೆ ಮೆಟ್ಟಿಲಿಳಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಕ್ಕಿದ್ದಕ್ಕೂ ಸಿಟ್ಟು ಬಂತು. ಅವನಿಗೆ ಸಿಟ್ಟು ಸುಲಭವಾಗಿ ಬರುತ್ತಿತ್ತು, ಬೇರೆಯವರಿಗೆ ಸೀನು ಬರುವ ಹಾಗೆ. ನಿನ್ನೆ ಮೇಡಂ ಫೋನಿನಲ್ಲಿ, "ನಾಳೆ ಸ್ವಲ್ಪ ಬೇಗ ಬನ್ನಿ, ಅಂಕಿಗಳ ವಿಷಯ ಮಾತಾಡಬೇಕು" ಎಂದಿದ್ದರು. ಅಂಕಿಗಳ ವಿಷಯ ಅಂದರೆ ಅವನ ವಿಷಯವೇ, ಯಾಕೆಂದರೆ ಅಂಕಿಗಳನ್ನು ತಂದವನು ಅವನು. ದೂರದ ದೊಡ್ಡ ಪ್ರತಿಷ್ಠಾನವೊಂದು ಮೇಡಂ ಅವರ ಸಂಶೋಧನೆಗೆ ಅನುದಾನ ಕೊಟ್ಟಿತ್ತು. ಕಲೆಯಿಂದ ಸಾಮಾನ್ಯ ಜನರ ಬದುಕಿನಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ತಿಳಿಯಬೇಕಂತೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರನ್ನು ಆರಿಸಿ, ವಾರಕ್ಕೊಂದು ಮಧ್ಯಾಹ್ನ ಕರೆಸಿ, ಎರಡು ಗಂಟೆ ಮಣ್ಣಿನ ಕೆಲಸ ಕಲಿಸುವುದು. ಅವರು ಇಲ್ಲಿ ಮಣ್ಣು ಕಲಸುತ್ತಿರುವಷ್ಟು ಹೊತ್ತು ಅವರ ಮನೆಯಲ್ಲಿ ರೋಗಿಯ ಹತ್ತಿರ ಕೂರಲು ಯೋಜನೆಯಿಂದಲೇ ಒಬ್ಬರನ್ನು ಕಳಿಸುವುದು. ತರಗತಿ ಶುರುವಾಗುವ ಮುಂಚೆ ಒಂದು ಸುತ್ತು ಪ್ರಶ್ನೆ, ಕೆಲವು ತಿಂಗಳು ಕಳೆದ ಮೇಲೆ ಅವೇ ಪ್ರಶ್ನೆಗಳು ಇನ್ನೊಂದು ಸುತ್ತು. ಕೇಳುವುದು ಅವನ ಕೆಲಸ. ಅವನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಅಲ್ಲಿ ಮೇಷ್ಟ್ರು ಅವನಿಗೆ ಕಲಿಸಿದ ಒಂದೇ ಒಂದು ಗಟ್ಟಿ ವಿದ್ಯೆ ಎಂದರೆ ನಿಂತು ಸ್ಪಷ್ಟವಾಗಿ ಓದುವುದು. ಹಾಗೆ ಓದಿಯೇ ವಿಮೆ ಮಾರಿದ್ದ, ಜನರ ಮನೆ ಬಾಗಿಲು ತಟ್ಟಿ ಜನಗಣತಿ ಮಾಡಿದ್ದ. "ನಿಮ್ಮ ಮುಖ ನೋಡಿದರೆ ಜನ ಒಳಗೆ ಕರೀತಾರೆ" ಎಂದು ಮೇಡಂ ಅವನನ್ನು ಆರಿಸಿದ್ದರು. ಆ ಮಾತನ್ನು ಅವನು ಹೆಂಡತಿಗೆ ಹೇಳಿದಾಗ ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಇರಬಹುದು" ಅಂದಿದ್ದಳು.

ಮೇಡಂ ಅವರ ಕೋಣೆಯಲ್ಲಿ ಒಂದೇ ಕಿಟಕಿ. ಅವರ ವಯಸ್ಸು ಅವನಿಗಿಂತ ಕಡಿಮೆ. ಕೋಪ ಬಂದರೂ ಧ್ವನಿ ಏರುತ್ತಿರಲಿಲ್ಲ, ಕನ್ನಡಕ ಮಾತ್ರ ಮೇಲೇರುತ್ತಿತ್ತು. ಇವತ್ತು ಕನ್ನಡಕ ಹಣೆಯ ಮೇಲೇ ಇತ್ತು.

"ಬೇಸರ ಜಾಸ್ತಿಯಾಗಿದೆ" ಎಂದರು.

"ಯಾರಿಗೆ ಮೇಡಂ?"

"ಎಲ್ಲರಿಗೂ. 'ನೀವು ನೋಡಿಕೊಳ್ಳುತ್ತಿರುವ ವ್ಯಕ್ತಿಯ ಬಗ್ಗೆ ನಿಮಗೆ ಬೇಸರ ಬರುತ್ತದೆಯೇ?' ಮೊದಲನೇ ಸುತ್ತಲ್ಲಿ ಎಲ್ಲರೂ ಇಲ್ಲವೇ ಇಲ್ಲ ಅಂದಿದ್ದಾರೆ. ಈಗ ನೋಡಿದರೆ ತುಂಬಾ ಬರುತ್ತೆ ಅಂತಾರೆ. ಇಷ್ಟು ತಿಂಗಳು ಮಣ್ಣು ತುಳಿಸಿ ನಾವು ಜನರನ್ನ ಇನ್ನಷ್ಟು ದುಃಖಕ್ಕೆ ತಳ್ಳಿದ್ದೀವಿ ಅಂತ ಅರ್ಥ. ಪ್ರತಿಷ್ಠಾನದವರು ಇದಕ್ಕೇನಾ ಅನುದಾನ ಕೊಟ್ಟಿದ್ದು?" ಅವರು ನಗಲು ನೋಡಿದರು, ನಗು ಬರಲಿಲ್ಲ. "ಜನಕ್ಕೆ ಪ್ರಶ್ನೆ ತಪ್ಪಾಗಿ ಅರ್ಥ ಆಗಿರಬಹುದು. ಇವತ್ತು ತರಗತಿ ಇದೆಯಲ್ಲ, ಹೋಗಿ ಆ ಒಂದು ಪ್ರಶ್ನೆ ಮತ್ತೆ ಕೇಳಿ. ನಿಧಾನವಾಗಿ, ಬಿಡಿಸಿ ಹೇಳಿ, ಕೇಳಿ. ಸಂಜೆಗೆ ವರದಿ ಕಳಿಸಲೇಬೇಕು."

"ಬೇಕಾದ ಉತ್ತರ ಬರೋ ತನಕ ಕೇಳ್ತಾ ಇರ್ಲಾ?"

ಮಾತು ಹೊರಗೆ ಬಿದ್ದ ಮೇಲೆ ಅದರ ಖಾರ ಅವನಿಗೆ ಗೊತ್ತಾಯಿತು. ಮೇಡಂ ಅವರ ಕಿವಿ ಕೆಂಪಾದವು. ಅವರು ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು ಇನ್ನೊಂದು ಕಡೆ ಇಟ್ಟರು. "ನಾನು ಹಾಗೆ ಹೇಳಲಿಲ್ಲ" ಎಂದರು. "ಅನುದಾನ ಮುಂದುವರಿಯದಿದ್ದರೆ ತರಗತಿ ನಿಲ್ಲುತ್ತೆ. ಆ ಎರಡು ಗಂಟೆ ಆ ಜನ ಎಲ್ಲಿಗೆ ಹೋಗ್ತಾರೆ? ಅವರ ಮನೇಲಿ ಯಾರು ಕೂರ್ತಾರೆ? ಅದನ್ನ ನೀವು ಹೇಳಿ." ಅವನು ಎದ್ದ. ಹೊರಗೆ ಬಂದು ಬೀದಿಯಲ್ಲಿ ಎದುರು ಸಿಕ್ಕ ನಾಯಿಗೆ, "ಏನು ನೋಡ್ತೀಯಾ?" ಎಂದು ಗದರಿದ. ನಾಯಿ ಬಾಲ ಅಲ್ಲಾಡಿಸಿತು.

ತರಗತಿ ನಡೆಯುತ್ತಿದ್ದುದು ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಬಾಗಿಲು ತೆರೆದರೆ ಒದ್ದೆ ಮಣ್ಣಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅವನಿಗೆ ಪ್ರತಿ ಸಲವೂ ಅದು ಶಾಲೆಯ ಹಿಂದಿನ ಕೆರೆಯ ವಾಸನೆ ಅನ್ನಿಸುತ್ತಿತ್ತು. ಅಣ್ಣ ಅಲ್ಲಿ ಅವನಿಗೆ ಈಜು ಕಲಿಸಿದ್ದ. ಕಲಿಸಿದ್ದು ಅಂದರೆ ಕತ್ತು ಹಿಡಿದು ನೂಕಿದ್ದು, ಆಮೇಲೆ ತಾನೇ ಹಾರಿ ಎತ್ತಿಕೊಂಡು ಬಂದು, ದಡದ ಮೇಲೆ ಕೂರಿಸಿ, ತನ್ನ ಅಂಗಿಯಲ್ಲಿ ತಲೆ ಒರೆಸಿದ್ದು. ಆ ಒರೆಸುವಿಕೆಯ ಒರಟು ಇನ್ನೂ ಕಿವಿಯ ಮೇಲೆ ಇತ್ತು. ಅಂಥ ಅಣ್ಣನ ತಲೆಯನ್ನು ತಾನು ಒಂದು ಸಲವೂ ಒರೆಸಿಲ್ಲ. ಮೇಜುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಮಣ್ಣು ಕಲಿಸುವ ಮೇಷ್ಟ್ರು ಮೂಲೆಯಲ್ಲಿ ಯಾರದೋ ಮಡಕೆಯ ಅಂಚು ತಿದ್ದುತ್ತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ತಾವು ಮಾಡಿದ ಲೋಟವನ್ನು ಅಂಗೈ ಮೇಲಿಟ್ಟು ಎತ್ತಿ ತೋರಿಸಿದರು.

"ನೋಡಿ ಸಾರ್, ಹೇಗೆ ಬಗ್ಗಿದೆ. ನಿಮ್ಮ ಪ್ರತಿಷ್ಠಾನಕ್ಕೆ ಸಲಾಮು ಹೊಡೀತಾ ಇದೆ."

ಅವರು ನೋಡಿಕೊಳ್ಳುತ್ತಿದ್ದುದು ಮರೆವಿನ ಕಾಯಿಲೆಯ ಹೆಂಡತಿಯನ್ನು. ಅವನು ಪಕ್ಕದಲ್ಲಿ ಸ್ಟೂಲು ಎಳೆದು ಕೂತು, ಬೇಸರದ ಪ್ರಶ್ನೆಯನ್ನು ಮತ್ತೆ ಕೇಳಿದ. ಬೇಸರ ಅಂದರೆ ಏನು, ಆಯಾಸ ಬೇರೆ, ಬೇಸರ ಬೇರೆ ಎಂದು ಬಿಡಿಸಿಯೂ ಹೇಳಿದ. ಹೇಳುತ್ತ ಹೇಳುತ್ತ ತನಗೇ ನಾಚಿಕೆಯಾಗಿ ಅರ್ಧಕ್ಕೆ ನಿಲ್ಲಿಸಿದ. ಪೋಸ್ಟ್‌ಮ್ಯಾನ್ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಅವಳಿಗೆ ನಾನು ಗಂಡ ಅಂತ ನೆನಪಿಲ್ಲ ಸಾರ್. ಆದರೆ ಪೋಸ್ಟ್‌ಮ್ಯಾನ್ ಅಂತ ಗೊತ್ತಾಗುತ್ತೆ, ಅದು ಹೇಗೋ. ಒಳಗೆ ಬಂದ್ರೆ ಸಾಕು, 'ಕಾಗದ ಇದೆಯಾ?' ಅಂತಾಳೆ. 'ಇವತ್ತಿಲ್ಲಮ್ಮ, ನಾಳೆ ಬರುತ್ತೆ' ಅಂತೀನಿ. ದಿನಾ ಅಂತೀನಿ. ಬೇಸರ ಬರಲ್ವಾ? ಬರುತ್ತೆ. ಬರ್ಕೊಳ್ಳಿ, ತುಂಬಾ ಅಂತ ಬರ್ಕೊಳ್ಳಿ." ಮತ್ತೆ ಲೋಟ ಎತ್ತಿಕೊಂಡು ಅದರ ಸೊಂಟ ನೆಟ್ಟಗೆ ಮಾಡಲು ಹೋದರು. ಅದು ಇನ್ನೊಂದು ಕಡೆಗೆ ಬಗ್ಗಿತು.

ಬಟ್ಟೆ ಹೊಲಿಯುವ ಹೆಂಗಸು ಆಚೆ ಮೇಜಿನಲ್ಲಿದ್ದಳು. ಎಲ್ಲರೂ ಟೈಲರಮ್ಮ ಎಂದು ಕರೆಯುತ್ತಿದ್ದರು. ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಮೆಷಿನ್ನನ್ನು ಅವನ ಮಂಚದ ಪಕ್ಕಕ್ಕೇ ಎಳೆದುಕೊಂಡು ಹೊಲಿಯುತ್ತಿದ್ದವಳು. ಮೊದಮೊದಲು ಅವನನ್ನು ಸಾರ್ ಎನ್ನುತ್ತಿದ್ದವಳು, ತಿಂಗಳು ಕಳೆದ ಹಾಗೆ ತಮ್ಮ ಎನ್ನತೊಡಗಿದ್ದಳು. ಅದು ಯಾವ ದಿನ ಶುರುವಾಯಿತೆಂದು ಅವನಿಗೆ ನೆನಪಿರಲಿಲ್ಲ, ಆದರೆ ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಾರಣವಿಲ್ಲದೆ ಸಂತೋಷವಾಗಿದ್ದು ನೆನಪಿತ್ತು. ಅವಳು ಮಣ್ಣಿನಲ್ಲಿ ಒಂದು ಅಂಗೈ ಮಾಡುತ್ತಿದ್ದಳು, ಬೆರಳುಗಳು ಸ್ವಲ್ಪ ಮಡಿಸಿದ್ದವು. ಅವನು ಪ್ರಶ್ನೆ ಓದಿದ. ಅವಳು ತಲೆಯೆತ್ತಲಿಲ್ಲ.

"ಹೋದ ವಾರ ಇಲ್ಲೇ ಹೇಳಿದ್ನಲ್ಲ ತಮ್ಮ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳಿ ಅಂತ."

"ಯೋಚನೆ ಮಾಡಿಯೇ ಹೇಳಿದ್ದು. ರಾತ್ರಿಯೆಲ್ಲ ಯೋಚನೆ ಮಾಡ್ದೆ. ಹೇಳ್ಬಾರದಿತ್ತೇನೋ ಅಂತ."

"ಮೊದಲು ಕೇಳಿದಾಗ ಇಲ್ಲ ಅಂದಿದ್ರಿ. ಈಗ ಇದೆ ಅಂತೀರಿ. ಒಂದು ಉತ್ತರಕ್ಕೆ ಇಷ್ಟು ಪುರಾಣ ಯಾಕಮ್ಮ? ಯಾವುದಾದರೂ ಒಂದು ಹೇಳಿ, ನನಗೂ ಮೇಲಿನವರಿಗೆ ಹೇಳ್ಬೇಕಾಗುತ್ತೆ." ಧ್ವನಿ ಜೋರಾಗಿತ್ತು. ಮೇಷ್ಟ್ರ ಕೈ ಅಂಚಿನ ಮೇಲೆ ನಿಂತಿತು. ಪೋಸ್ಟ್‌ಮ್ಯಾನ್ ಕೆಮ್ಮಿದರು.

ಟೈಲರಮ್ಮ ಕೈಯನ್ನು ಒದ್ದೆ ಬಟ್ಟೆಗೆ ಒರೆಸಿಕೊಂಡಳು, ಒಂದೊಂದೇ ಬೆರಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಅವತ್ತು ನೀನು ಎಲ್ಲಿ ಕೂತು ಕೇಳಿದೆ, ನೆನಪಿದೆಯಾ?" ಎಂದಳು. "ನಮ್ಮ ಮನೇಲಿ ಒಂದೇ ಕುರ್ಚಿ, ಅದರ ಮೇಲೆ ಹೊಲಿಯೋ ಬಟ್ಟೆ ಇತ್ತು. ನೀನು ಅವರ ಮಂಚದ ಮೇಲೇ ಕೂತೆ. ಅವರ ಕಾಲ ಹತ್ತಿರ. ಕೂತು, ಗಟ್ಟಿಯಾಗಿ, ಶಾಲೇಲಿ ಪಾಠ ಓದೋ ಹಾಗೆ ಓದಿದೆ, ನಿಮಗೆ ಇವರ ಬಗ್ಗೆ ಬೇಸರ ಬರುತ್ತದೆಯೇ ಅಂತ. ಅವರು ಕಣ್ಣು ಬಿಟ್ಕೊಂಡು ನನ್ನ ಬಾಯಿನೇ ನೋಡ್ತಿದ್ರು. ನಾನು ಏನು ಹೇಳ್ಬೇಕಿತ್ತು ತಮ್ಮ? ಅವತ್ತು ನೀನು ಯಾರೋ. ಹೋದ ವಾರ ನಮ್ಮೋನು ಅಂತ ಹೇಳ್ದೆ. ಈಗ ವಾಪಸ್ ತಗೋ ಅಂತೀಯಾ?"

ಮಂಚದ ಮೇಲಿನ ಹಸಿರು ಹೊದಿಕೆ, ಅದರಡಿಯಲ್ಲಿ ಅಲ್ಲಾಡದ ಎರಡು ಪಾದ, ತಾನು ಜಾಗ ಮಾಡಿಕೊಳ್ಳಲು ಅವನ್ನು ಸ್ವಲ್ಪ ಸರಿಸಿದ್ದು. ಪೋಸ್ಟ್‌ಮ್ಯಾನರ ಮನೆಯಲ್ಲಿ ಅವರ ಹೆಂಡತಿ ಎದುರಿಗೇ ಕೂತು ತನ್ನ ಪ್ರತಿ ಪ್ರಶ್ನೆಗೂ ತಲೆಯಾಡಿಸಿದ್ದು. ಎಲ್ಲರ ಮನೆಯಲ್ಲೂ ಹಾಗೆಯೇ ಕೇಳಿದ್ದ, ರೋಗಿಯ ಮುಂದೆ, ರೋಗಿಗೆ ಕೇಳಿಸುವಂತೆ. ಉಳಿದ ಮನೆಗಳವರು ಒಳಗೆ ಬನ್ನಿ, ಅಡುಗೆಮನೆಯಲ್ಲಿ ಮಾತಾಡೋಣ ಎಂದು ಕಣ್ಣಲ್ಲೇ ಕರೆದಿದ್ದರೇನೋ. ಅವನು ಬೇಕೆಂದೇ ಹೋಗಿರಲಿಲ್ಲ. ಅವನ ತಾಯಿ ಹೇಳುತ್ತಿದ್ದಳು, ಮಲಗಿದವರ ಬೆನ್ನ ಹಿಂದೆ ಗುಸುಗುಸು ಮಾಡಬಾರದು, ಅವರಿಗೆ ತಾವು ಆಗಲೇ ಸತ್ತೆವು ಅನ್ನಿಸುತ್ತೆ ಅಂತ. ಮರ್ಯಾದೆಯೆಂದುಕೊಂಡು ಮಾಡಿದ್ದ. ಒಂದು ಮನೆಯಲ್ಲೂ ತಪ್ಪಿಸದೆ, ಅಚ್ಚುಕಟ್ಟಾಗಿ, ಸ್ಪಷ್ಟವಾಗಿ ಓದಿ, ಎಲ್ಲರ ಬಾಯಲ್ಲೂ ಸುಳ್ಳು ಹೇಳಿಸಿಕೊಂಡು ಬಂದಿದ್ದ. "ತಪ್ಪಾಯ್ತು ಅಕ್ಕ" ಎಂದ.

"ತಪ್ಪು ಎಂಥದ್ದು, ಬಿಡು" ಎಂದಳು ಟೈಲರಮ್ಮ. ಮಣ್ಣಿನ ಹೆಬ್ಬೆರಳನ್ನು ಒತ್ತಿ ಒತ್ತಿ ಸರಿ ಮಾಡುತ್ತ, ಅದಕ್ಕೇ ಹೇಳುವವಳ ಹಾಗೆ ಹೇಳಿದಳು: "ಬೇಸರ ಮೊದಲೂ ಇತ್ತು. ಆಗ ಅದನ್ನ ನುಂಗ್ಕೊಂಡು ಅವರ ಕಾಲು ತಿಕ್ಕೋವಾಗ ಕೈ ಬಿರುಸಾಗೋದು. ಅವರಿಗೂ ಗೊತ್ತಾಗೋದು, ಕಾಲು ಎಳ್ಕೊಳ್ಳೋರು. ಈಗ ಇಲ್ಲಿ ಕೂತು ಹೇಳಿಬಿಟ್ಟಿರ್ತೀನಲ್ಲ, ಇವರಿಗೆಲ್ಲ. ಮನೆಗೆ ಹೋದ್ರೆ ಕೈ ಮೆತ್ತಗಿರುತ್ತೆ." ಕೈ ಒದ್ದೆ ಮಾಡಿಕೊಳ್ಳುತ್ತ, "ನಿಮ್ಮನೇಲೂ ಅಣ್ಣ ಮಲಗಿದ್ದಾರೆ ಅಂದಿದ್ದೆ. ಯಾರು ನೋಡ್ಕೋತೀರಿ?" ಎಂದಳು.

"ನಾವೇ" ಎಂದ ಅವನು.

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾವೇ ಎಂಬ ಮಾತು ಗ್ರಂಥಾಲಯದ ಮೆಟ್ಟಿಲು ಹತ್ತುವಾಗ, ರಸ್ತೆ ದಾಟುವಾಗ, ಕಾರೊಂದು ಹಾರನ್ ಬಾರಿಸಿದಾಗ ಬಾಯಲ್ಲೇ ಇತ್ತು, ಅಗಿಯಲೂ ಆಗದೆ ಉಗಿಯಲೂ ಆಗದೆ. ನಾವು ಅಂದರೆ ಯಾರು? ಬೆಳಿಗ್ಗೆ ಹೊರಟು ಸಂಜೆ ಬರುವವನು, ಬಂದು ಮಂಚದ ಪಕ್ಕ ನಿಂತು "ಹೇಗಿದ್ದೀಯಾ ಅಣ್ಣ?" ಎಂದು ಆಸ್ಪತ್ರೆಗೆ ನೋಡಲು ಬಂದ ನೆಂಟನ ಹಾಗೆ ಕೇಳುವವನು, "ಆಯ್ತು" ಅನ್ನಿಸಿಕೊಂಡು ಕೈಕಾಲು ತೊಳೆಯಲು ಹೋಗುವವನು. ತರಗತಿಗೆ ಜನರನ್ನು ಆರಿಸುವಾಗ ಮೇಡಂ, ನಮ್ಮಲ್ಲಿ ಕೆಲಸ ಮಾಡುವವರ ಮನೆಯವರು ಬೇಡ, ಲೆಕ್ಕ ಕೆಡುತ್ತದೆ ಎಂದಿದ್ದರು. ಆಗ ಅವನಿಗೆ ಹಾಯೆನಿಸಿತ್ತು. ಹಾಯೆನಿಸಿದ್ದು ಯಾಕೆಂದು ಈಗ ತಿಳಿಯಿತು. ಊರಿನವರ ಮನೆಗೆಲ್ಲ ಹೋಗಿ ಕೇಳಿದ ಪ್ರಶ್ನೆಯನ್ನು ತನ್ನ ಮನೆಯಲ್ಲಿ ಕೇಳಬೇಕಾಗಲಿಲ್ಲವಲ್ಲ ಎಂದು.

ಮತ್ತೆ ಆ ಒಂದೇ ಕಿಟಕಿಯ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಮೇಡಂ ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದು ಸಲ ಮಾತ್ರ, "ಎಲ್ಲಾ ಮನೇಲೂ?" ಎಂದರು. "ಎಲ್ಲಾ ಮನೇಲೂ" ಎಂದ.

"ಅಂದ್ರೆ ಮೊದಲನೇ ಸುತ್ತು ಪೂರ್ತಿ ಹೋಯ್ತು. ಹೋಲಿಸೋಕೆ ನಮ್ಮ ಹತ್ತಿರ ಏನೂ ಇಲ್ಲ."

"ಇಲ್ಲ. ನನ್ನ ತಪ್ಪು ಅಂತಲೇ ಬರೀರಿ. ನನ್ನನ್ನ ತೆಗೆದುಹಾಕಿದ್ದೀರಿ ಅಂತ ಬೇಕಾದ್ರೂ ಬರೀರಿ, ಅದರಿಂದ ತರಗತಿ ಉಳಿಯೋ ಹಾಗಿದ್ರೆ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ಇನ್ನು ಬೈಯುತ್ತಾರೆ ಎಂದು ಅವನು ಕಾದ. ಬೈದರೆ ತಿರುಗಿ ಬೈಯಲು ಒಳಗೆ ಏನೂ ಉಳಿದಿರಲಿಲ್ಲ. "ಯಾಕೆ ಅವರ ಮುಂದೆನೇ ಕೇಳಿದ್ರಿ?" ಎಂದು ಅವರು ಮೆಲ್ಲಗೆ ಕೇಳಿದರು. ಅವನು ತಾಯಿಯ ಮಾತು ಹೇಳಿದ. ಮೇಡಂ ತಿರುಗಿ ಅವನನ್ನೇ ನೋಡಿದರು. "ಎಲ್ಲಿ ಕೂತು ಕೇಳ್ಬೇಕು ಅಂತ ನಾನೂ ಹೇಳಿಕೊಡಲಿಲ್ಲ" ಎಂದರು. "ಪ್ರಶ್ನೆ ಮಾಡೋಕೇ ಒಂದು ವರ್ಷ ತಗೊಂಡೆ. ಅದು ಯಾರ ಕಿವಿಗೆ ಬೀಳುತ್ತೆ ಅಂತ ಯೋಚನೆನೇ ಮಾಡ್ಲಿಲ್ಲ." ಅವರು ಬಂದು ಕಂಪ್ಯೂಟರಿನ ಮುಂದೆ ಕೂತು ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡರು. "ಹೇಳಿ. ಟೈಲರಮ್ಮ ಹೇಳಿದ್ದನ್ನ ಅವರ ಮಾತಲ್ಲೇ ಹೇಳಿ. ಕೈ ಮೆತ್ತಗಿರುತ್ತೆ ಅಂದರಲ್ಲ, ಅಲ್ಲಿಂದ." ಅವನು ಹೇಳಿದ. ಶಾಲೆಯಲ್ಲಿ ಕಲಿತ ಧ್ವನಿ ಬರಲಿಲ್ಲ, ತಡವರಿಸಿದ, ಎರಡು ಸಲ ಮೂಗು ಒರೆಸಿಕೊಂಡ. ಅವರು ಎಲ್ಲವನ್ನೂ ಟೈಪ್ ಮಾಡಿ, ಮೇಲೆ ಮೊದಲ ಸುತ್ತಿನ ಉತ್ತರಗಳನ್ನು ನಂಬಬೇಡಿ ಎಂದು ಬರೆದು, ತಮ್ಮ ಹೆಸರನ್ನೂ ಹಾಕಿ, ಕಳಿಸಿಬಿಟ್ಟರು. ಕಳಿಸಿದ ಮೇಲೆ ಇಬ್ಬರೂ ಪರದೆಯನ್ನು ನೋಡುತ್ತ ಕೂತರು. "ಹೋಯ್ತು" ಎಂದರು ಮೇಡಂ. ಹೋದದ್ದು ವರದಿಯೋ ಅನುದಾನವೋ ಅವನು ಕೇಳಲಿಲ್ಲ.

ಮನೆ ಮುಟ್ಟಿದಾಗ ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಅಣ್ಣ ಕಣ್ಣು ಮುಚ್ಚಿದ್ದ, ಬೆಳಗ್ಗೆ ಬೋಳಿಸಿದ ಗಲ್ಲ ನುಣ್ಣಗೆ ಹೊಳೆಯುತ್ತಿತ್ತು. ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ಸ್ವಲ್ಪ ಹೊರಗೆ ಬಾ" ಎಂದ. ಅವಳು ಮುಖ ನೋಡಿದ ಕೂಡಲೇ, "ಕೆಲಸ ಹೋಯ್ತಾ?" ಎಂದಳು. "ಗೊತ್ತಿಲ್ಲ. ಬಾ." ಹಿಂದಿನ ಮೆಟ್ಟಿಲ ಮೇಲೆ ಕೂತರು. ಇಬ್ಬರೂ ಅಲ್ಲಿ ಒಟ್ಟಿಗೆ ಕೂತು ಎಷ್ಟು ಕಾಲವಾಗಿತ್ತೋ, ಯಾರು ಯಾವ ಕಡೆ ಕೂರಬೇಕೆಂದು ಒಂದು ಗಳಿಗೆ ಗೊಂದಲವಾಯಿತು. ಅವನು ಕೇಳಿದ. ಓದಿದ ಹಾಗೆ ಕೇಳಬಾರದು ಎಂದು ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿದ್ದ, ಆದರೂ ಓದಿದ ಹಾಗೆಯೇ ಬಂತು. "ಅಣ್ಣನ್ನ ನೋಡ್ಕೊಂಡು ನೋಡ್ಕೊಂಡು ನಿನಗೆ ಬೇಸರ ಬರಲ್ವೇನೇ?"

"ಅಯ್ಯೋ, ಬೇಸರ ಎಂಥದ್ದು. ನಮ್ಮೋರಲ್ವಾ" ಎಂದಳು ಅವಳು.

ಮೊದಲ ಸುತ್ತಿನ ಉತ್ತರ. ಮನೆಮನೆಯಲ್ಲಿ ಬರೆದುಕೊಂಡಿದ್ದ ಉತ್ತರ, ಅಕ್ಷರ ಕೂಡ ಆಚೀಚೆ ಇಲ್ಲ. ಬಾಗಿಲಿಗೆ ಬಂದ ಯಾರೋ ಒಬ್ಬನಿಗೆ, ಕೈಯಲ್ಲಿ ಪೆನ್ನು ಹಿಡಿದವನಿಗೆ ಹೇಳುವ ಉತ್ತರವನ್ನು ಅವಳು ಅವನಿಗೆ ಹೇಳಿದ್ದಳು, ಸುಳ್ಳೆಂದು ಗೊತ್ತಾಗದಷ್ಟು ಸಹಜವಾಗಿ, ಮರ್ಯಾದೆಯಿಂದ. ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮತ್ತೆ ಕೇಳಲಿಲ್ಲ. ಇವತ್ತು ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿ ಸಾಕಾಗಿತ್ತು. ಒಳಗೆ ಅಣ್ಣ ಎಚ್ಚರವಾಗಿ ಏನೋ ಸದ್ದು ಮಾಡಿದ. ಅವಳು ಅಭ್ಯಾಸದಿಂದ ಮೊಣಕಾಲ ಮೇಲೆ ಕೈಯೂರಿದಳು. "ಕೂತ್ಕೋ, ನಾನು ನೋಡ್ತೀನಿ" ಎಂದು ಅವನು ಎದ್ದ. "ಒದ್ದೆಯಾಗಿರುತ್ತೆ ರೀ, ನಿಮಗೆ ಆಗಲ್ಲ" ಎಂದಳು. "ಆಗುತ್ತೆ" ಎಂದ.

ಆಗಲಿಲ್ಲ. ಹೊರಳಿಸುವಾಗ ಅಣ್ಣನ ಸೋತ ಕೈ ಮೈಯಡಿಗೆ ಸಿಕ್ಕಿಕೊಂಡಿತು. ಎಳೆದರೆ ನೋವು, ಬಿಟ್ಟರೆ ನೋವು. ಹಾಸು ಬದಲಾಯಿಸುವುದಕ್ಕೆ ಅವನು ಮಂಚದ ಸುತ್ತ ಗಾಣದ ಎತ್ತಿನ ಹಾಗೆ ತಿರುಗಿದ. ಅಣ್ಣ ಅವನನ್ನೇ ನೋಡುತ್ತಿದ್ದ, ಬಾಯಿಯ ಗಟ್ಟಿಯಿದ್ದ ಕಡೆ ಸ್ವಲ್ಪ ಅಲುಗಿತು. ಹಿಂದೆ ಬೇರೆ ಡ್ರೈವರುಗಳು ಗಾಡಿ ತಿರುಗಿಸಲು ಒದ್ದಾಡುವಾಗ ನಗುತ್ತಿದ್ದ ನಗು. ಬೆನ್ನು ಒರೆಸುವಾಗ ಅವನಿಗೆ ಆ ಬೆನ್ನು ಎಷ್ಟು ಚಿಕ್ಕದಾಗಿದೆಯೆಂದು ತಿಳಿಯಿತು. ಅಂಗಿ ತೊಡಿಸಿದ, ಗುಂಡಿಗಳು ಒಂದಕ್ಕೊಂದು ತಪ್ಪಿದವು, ಬಿಚ್ಚಿ ಮತ್ತೆ ಹಾಕಿದ. ಒಂದು ಸಲವೂ ಅವಳು ಬಾಗಿಲಿಗೆ ಬಂದು ಇಣುಕಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವಳು ಅದೇ ಮೆಟ್ಟಿಲ ಮೇಲೆ, ಅದೇ ಜಾಗದಲ್ಲಿ, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಕೈಗಳು ಸುಮ್ಮನಿದ್ದದ್ದನ್ನು ಅವನು ನೋಡಿದ್ದೇ ಇಲ್ಲ. ಅವನು ಒಂದು ಮೆಟ್ಟಿಲು ಕೆಳಗೆ ಕೂತ.

ಬೀದಿ ದೀಪ ಹತ್ತಿತು. ಅವಳು ಅವನ ಕಡೆ ನೋಡದೆ ಹೇಳಿದಳು: "ಕೆಲವು ದಿನ ಅವರನ್ನ ಕಂಡ್ರೆ ಕೋಪ ಬರುತ್ತೆ."

ಅವನು ಬೆವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

"ನಿಮ್ಮನ್ನ ಕಂಡ್ರೆ ದಿನಾ ಬರುತ್ತೆ."

"ಹೇಳು" ಎಂದ ಅವನು.

"ಏನು ಹೇಳು? ಒಂದಾ ಎರಡಾ? ಆ ಬಕೆಟ್ಟಿನ ಹಿಡಿ ಮುರಿದು ಎಷ್ಟು ಕಾಲ ಆಯ್ತು? ನೀರು ತುಂಬಿಸಿ ಅದರ ಕಂಠ ಹಿಡ್ಕೊಂಡು ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಬೆರಳು ನೋಡಿ, ಇಲ್ಲಿ. ಒಂದು ದಿನವಾದ್ರೂ ಕೇಳಿದ್ರಾ?" ಅವಳ ಧ್ವನಿ ಏರುತ್ತಿತ್ತು, ಏರುತ್ತ ಒಡೆಯುತ್ತಿತ್ತು. ಇಂಥ ಧ್ವನಿ ಅವಳಲ್ಲಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಅವನು ಎದ್ದ. ಅವಳು ಥಟ್ಟನೆ ಮಾತು ನಿಲ್ಲಿಸಿದಳು, ಎದ್ದು ಹೋಗುತ್ತಾನೆ ಎಂದುಕೊಂಡು. ಅವನು ಮೂರು ಹೆಜ್ಜೆಯಲ್ಲಿ ಹೋಗಿ ಅಣ್ಣನಿದ್ದ ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆ ಎಳೆದು, ಬಂದು ಮತ್ತೆ ಅದೇ ಮೆಟ್ಟಿಲ ಮೇಲೆ, ಈ ಸಲ ಅವಳ ಕಡೆ ಮುಖ ಮಾಡಿ ಕೂತ.

"ಹ್ಞೂಂ" ಎಂದ. "ಈಗ ಹೇಳು."